ರೌಟರಿಗೆ ಊದಿನಕಡ್ಡಿ

ಸಿಟ್ಟು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಇವರ ಮನೆಯಲ್ಲಿ ವೈಫೈ ಇಲ್ಲ ಎಂದು ನನಗೆ ಆಗಲೇ ಗೊತ್ತಾಗಿಬಿಡುತ್ತದೆ. ಇದ್ದಿದ್ದರೆ ಅವರ ಮನೆಗೂ ಜನ ಬರುತ್ತಿದ್ದರು, ಚಪ್ಪಲಿ ಬಿಡುವ ಮೊದಲೇ ಜೇಬಿನಿಂದ ಮೊಬೈಲ್ ತೆಗೆಯುತ್ತಿದ್ದರು, ಒಳಗಿನಿಂದ ನೀರಿನ ಲೋಟ ಬರುವಷ್ಟರಲ್ಲಿ "ಪಾಸ್‌ವರ್ಡ್ ಏನು ಸಾರ್?" ಎಂದು ಕೇಳುತ್ತಿದ್ದರು. ಹಿಂದೆ ಮನೆಗೆ ಬಂದವರು ಮಳೆ ಹೇಗೆ, ಬೆಳೆ ಹೇಗೆ ಎನ್ನುತ್ತಿದ್ದರು. ಹಸು ಕರು ಹಾಕಿತೇ ಎನ್ನುತ್ತಿದ್ದರು. ಈಗ ಅದೆಲ್ಲ ಇಲ್ಲ. ನೇರವಾಗಿ ಪಾಸ್‌ವರ್ಡ್. ಮೊನ್ನೆ ಒಬ್ಬರು ಮಗಳ ಮದುವೆಯ ಕರೆಯೋಲೆ ಕೊಡಲು ಬಂದವರು, ಕರೆಯೋಲೆಯನ್ನು ಕೈಯಲ್ಲೇ ಹಿಡಿದುಕೊಂಡು, ಪಾಸ್‌ವರ್ಡ್ ಹೇಳಿದರೇ ಕೊಡುವೆ ಎಂಬಂತೆ ನಿಂತರು. ನಾನೂ ಹೇಳಲಿಲ್ಲ. ಕರೆಯೋಲೆಯನ್ನು ಕಿಟಕಿಯ ಮೇಲೆ ಇಟ್ಟು ಹೋದರು. ಆ ಮದುವೆಗೆ ಹೆಂಡತಿಯೊಬ್ಬಳೇ ಹೋಗಿ ಬಂದಳು.

ಇಷ್ಟು ಸಣ್ಣದಕ್ಕೆ ಇಷ್ಟು ಸಿಟ್ಟೇ ಎಂದು ನಿಮಗೆ ಅನ್ನಿಸಬಹುದು. ಸಣ್ಣದಲ್ಲ. ಶಿಕಾರಿಪುರದ ಒಂದು ಖಾಸಗಿ ಕಾಲೇಜಿನಲ್ಲಿ ಪದವಿ ಮಕ್ಕಳಿಗೆ ಕಂಪ್ಯೂಟರ್ ಜಾಲ ಮತ್ತು ಅದರ ಭದ್ರತೆಯ ಪಾಠ ಮಾಡುವುದು ನನ್ನ ಹೊಟ್ಟೆಪಾಡು. ವೈಫೈ ಎಂದರೆ ಗಾಳಿಯಲ್ಲಿ ಹೋಗುವ ರೇಡಿಯೋ ಅಲೆ, ಅದಕ್ಕೆ ಕಾಂಪೌಂಡ್ ಗೊತ್ತಿಲ್ಲ, ಗೇಟು ಗೊತ್ತಿಲ್ಲ, ಅದು ಬೀದಿಗೂ ಹೋಗುತ್ತದೆ, ಪಕ್ಕದ ಮನೆಯ ಬಚ್ಚಲಿಗೂ ಹೋಗುತ್ತದೆ, ಆದ್ದರಿಂದ ಅದಕ್ಕೆ ಇರುವ ಒಂದೇ ಬಾಗಿಲು ಪಾಸ್‌ವರ್ಡ್ ಎಂದು ನಾನು ವರ್ಷವರ್ಷವೂ ಗಂಟಲು ಹರಿದುಕೊಳ್ಳುತ್ತೇನೆ. ಮಕ್ಕಳು ತಲೆ ಆಡಿಸುತ್ತಾರೆ. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. ಪರವಾಗಿಲ್ಲ, ಒಬ್ಬರಿಗಾದರೂ ಅನುಮಾನ ಬಂತಲ್ಲ ಎಂದು ಖುಷಿಪಡುತ್ತೇನೆ. "ಸಾರ್, ಕಾಲೇಜಿನ ವೈಫೈ ಪಾಸ್‌ವರ್ಡ್ ಹೇಳಿ ಸಾರ್."

ನಮ್ಮ ಕಡೆಯ ಪಾಸ್‌ವರ್ಡುಗಳನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ಮನೆದೇವರ ಹೆಸರು, ಅದರ ಮುಂದೆ ಒಂದು ಎರಡು ಮೂರು. ದೇವರಿಗೆ ಕೈಮುಗಿಯಲು ಬರುವ ಯಾರಿಗೇ ಆದರೂ ವೈಫೈ ಪ್ರಸಾದವಾಗಿ ಸಿಗುತ್ತದೆ. ಸೊರಬಕ್ಕೆ ಹೋದಾಗ ನಾನು ಟೀ ಕುಡಿಯುವ ಹೋಟೆಲಿನಲ್ಲಿ ಪಾಸ್‌ವರ್ಡನ್ನು ತಿಂಡಿಯ ಬೋರ್ಡಿನ ಮೇಲೇ, ಮಂಡಕ್ಕಿಗೂ ಮಿರ್ಚಿಗೂ ನಡುವೆ ಬರೆಸಿದ್ದಾರೆ. ಕುಬಟೂರಿನ ನನ್ನ ಷಡ್ಡಕನದು ಇನ್ನೂ ಚೆಂದ. ಅವನ ಪಾಸ್‌ವರ್ಡ್ ಜಮೀನಿನ ಸರ್ವೆ ನಂಬರು. ಪಹಣಿ ತೆಗೆಸಿದರೆ ಸಾಕು, ತಾಲ್ಲೂಕಿಗೆ ತಾಲ್ಲೂಕೇ ಅವನ ಜಾಲದೊಳಗೆ ಬರಬಹುದು. "ಬದಲಾಯಿಸೋ ಮಾರಾಯ" ಎಂದರೆ, "ಅದೊಂದೇ ನೋಡ ನಂಗೆ ಮರೆಯದೆ ಇರೋದು. ಅಜ್ಜನ ಕಾಲದಿಂದ ಕೋರ್ಟಲ್ಲಿ ಅದೇ ನಂಬರ್ ಹೇಳ್ತಾ ಬಂದೀವಿ" ಎನ್ನುತ್ತಾನೆ. ಇಂಥವರ ನಡುವೆ ನಾನು ಜಾಲಭದ್ರತೆ ಕಲಿಸಬೇಕು, ಅದೂ ಕೆಲಸ ಇನ್ನೂ ಕಾಯಂ ಆಗದ ಸಂಬಳಕ್ಕೆ.

ನನ್ನ ಮನೆಯದು ಹಾಗಲ್ಲ. ಕೇಬಲಿನವರು ಕೊಟ್ಟ ಡಬ್ಬಿಯನ್ನು ನಂಬದೆ ಅದರ ಪಕ್ಕದಲ್ಲಿ ನನ್ನದೇ ರೌಟರ್ ಇಟ್ಟಿದ್ದೇನೆ. ಜಾಲದ ಹೆಸರು ಯಾರ ಮೊಬೈಲಿಗೂ ಕಾಣಿಸದ ಹಾಗೆ ಅಡಗಿಸಿದ್ದೇನೆ. ಪಾಸ್‌ವರ್ಡ್ ಎಷ್ಟು ಉದ್ದವೆಂದರೆ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರಿಗೆ ಸಾಕಾಗಬೇಕು. ಹೆಂಡತಿಯ ಮೊಬೈಲಿಗೂ ನಾನೇ, ಅವಳಿಗೆ ಬೆನ್ನು ಮಾಡಿ ನಿಂತು ಒತ್ತಿಕೊಟ್ಟಿದ್ದು. "ಮದುವೆಯಾಗಿ ಇಷ್ಟು ವರ್ಷ ಆಯ್ತು, ಇನ್ನೂ ನಂಬಿಕೆ ಇಲ್ವೇನ್ರಿ?" ಎಂದು ಅವಳು ಕೇಳಿದಳು. ಭದ್ರತೆಗೂ ದಾಂಪತ್ಯಕ್ಕೂ ಸಂಬಂಧವಿಲ್ಲ ಎಂದೆ. ಆ ವಾರ ನಮ್ಮ ಮನೆಯಲ್ಲಿ ಸಾರಿಗೂ ಉಪ್ಪಿಗೂ ಸಂಬಂಧ ಇರಲಿಲ್ಲ. ಇನ್ನು ನನ್ನ ಕಂಪ್ಯೂಟರಿಗೆ ನಾನು ವೈಫೈಯನ್ನೇ ಕೊಟ್ಟಿಲ್ಲ. ತಂತಿ ಎಳೆದು ರೌಟರಿಗೆ ಸಿಕ್ಕಿಸಿದ್ದೇನೆ. ಗಾಳಿಯನ್ನು ನಂಬುವವನು ನಾನಲ್ಲ.

ಪಕ್ಕದ ಮನೆಯ ಹಾಲಪ್ಪನವರ ವಿಷಯಕ್ಕೆ ಬರುತ್ತೇನೆ. ಅಂಬ್ಲಿಗೊಳದ ಕಾಲುವೆಯಲ್ಲಿ ನೀರು ಬಿಡುವ, ನಿಲ್ಲಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಹೋದ ವರ್ಷ ಹೆಂಡತಿ ಗಿರಿಜಮ್ಮ ತೀರಿಕೊಂಡರು. ಕೆಳಗೆ ಹಾಲಪ್ಪನವರೊಬ್ಬರೇ. ಮಹಡಿಯನ್ನು ನಮ್ಮ ಕಾಲೇಜಿನ ಮೂವರು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಮೂವರೂ ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿಯರು. ಹೊತ್ತು ಹೋಗಲೆಂದು ಹಾಲಪ್ಪನವರು ಗೋಡೆಯಷ್ಟು ದೊಡ್ಡ ಟೀವಿ ತಂದರು. ತಂದ ದಿನವೇ ನಮ್ಮ ಗೇಟಿನ ಮುಂದೆ ನಿಂತರು.

"ಸಾರ್, ಆ ಟೀವಿಗೆ ಇಂಟರ್ನೆಟ್ ಬೇಕಂತ್ರಿ. ನಿಮ್ಮದು ಹೆಂಗೂ ಗೋಡೆ ದಾಟಿ ನಮ್ಮನೀಗೆ ಬರ್ತೈತಿ. ಒಬ್ಬನಿಗೆ ಬ್ಯಾರೆ ಯಾಕ್ರಿ? ಪಾಸ್‌ವರ್ಡ್ ಒಂದು ಹೇಳಿಬಿಡ್ರಿ."

ನಾನು ಹೇಳಲಿಲ್ಲ. ಬದಲಿಗೆ ಯಾಕೆ ಹೇಳಬಾರದು ಎಂಬುದನ್ನು ವಿವರಿಸಿದೆ. ಒಂದು ಜಾಲದೊಳಗೆ ಬಂದವನು ಬರೀ ಇಂಟರ್ನೆಟ್ ಬಳಸಿ ಸುಮ್ಮನಿರುವುದಿಲ್ಲ, ಆ ಜಾಲದಲ್ಲಿರುವ ಬೇರೆ ಯಂತ್ರಗಳನ್ನೂ ಮುಟ್ಟಬಲ್ಲ, ಅವನು ಏನಾದರೂ ಕಿತಾಪತಿ ಮಾಡಿದರೆ ಪೊಲೀಸರು ಬರುವುದು ನನ್ನ ಮನೆಗೆ, ಇತ್ಯಾದಿ. ತರಗತಿಯಲ್ಲಿ ಇದೇ ಪಾಠ ಒಂದು ಗಂಟೆ ಹಿಡಿಯುತ್ತದೆ. ಹಾಲಪ್ಪನವರಿಗೆ ಸ್ವಲ್ಪ ಚುಟುಕಾಗಿ ಮಾಡಿದೆ. ಅವರು ಗೇಟು ಹಿಡಿದುಕೊಂಡು ಪೂರ್ತಿ ಕೇಳಿದರು.

"ನಾನು ಇಡೀ ಸರ್ವಿಸ್ ತೂಬಿನ ಮುಂದೆ ಕಳೆದೀನ್ರಿ ಸಾರ್. ಕೊನೇ ಹೊಲದವನಿಗೂ ನೀರು ಮುಟ್ಟಬೇಕು ಅನ್ನೋದು ನನಗೆ ಗೊತ್ತೈತಿ. ನೀವು ತೂಬಿಗೇ ಬೀಗ ಹಾಕ್ಕೊಂಡು ಕುಂತೀರಿ" ಎಂದು ಹೇಳಿ ಹೊರಟರು. ನನಗೆ ಎಲ್ಲಿತ್ತೋ ಸಿಟ್ಟು! ತೂಬಿನ ಕೀಲಿಯನ್ನು ವರ್ಷಗಟ್ಟಲೆ ಉಡಿದಾರಕ್ಕೆ ಕಟ್ಟಿಕೊಂಡು ಓಡಾಡಿದ ಮನುಷ್ಯ ನನಗೆ ಬೀಗದ ಬಗ್ಗೆ ಹೇಳುತ್ತಾರೆ. ಅಂದಿನಿಂದ ಮಾತು ನಿಂತಿತು. ಅವರು ಜಗುಲಿಯ ಕುರ್ಚಿಯನ್ನು ನಮ್ಮ ಮನೆಗೆ ಬೆನ್ನಾಗುವಂತೆ ತಿರುಗಿಸಿ ಹಾಕಿಕೊಂಡರು. ಹಾಗೆ ಕೂತರೆ ಅವರಿಗೆ ಕಾಣುವುದು ಬರೀ ಅವರದೇ ಗೋಡೆ. ಆದರೂ ದಿನಾ ಸಂಜೆ ಕೂತರು. ನಾನೂ ಬಗ್ಗಲಿಲ್ಲ.

ನವರಾತ್ರಿಗೆ ನನ್ನ ಅತ್ತೆ ಸೊರಬದಿಂದ ಬಂದರು. ಅತ್ತೆ ಒಳ್ಳೆಯವರು. ಈ ಮಾತನ್ನು ಹೆಂಡತಿ ಓದುತ್ತಾಳೆಂದು ಬರೆಯುತ್ತಿಲ್ಲ. ಆಯುಧಪೂಜೆಯ ದಿನ ಬೆಳಿಗ್ಗೆ ನಾನು ಕಾಲೇಜಿನ ಲ್ಯಾಬಿನ ಪೂಜೆಗೆ ಹೋಗಿದ್ದೆ. ಅಲ್ಲಿ ಅಟೆಂಡರು ಕಂಪ್ಯೂಟರಿನ ಕೀಬೋರ್ಡಿನ ಸಂದಿಗೆ ಕುಂಕುಮ ಉದುರಿಸಿದ್ದಕ್ಕೆ ಕೂಗಾಡುವುದರಲ್ಲಿ ನನ್ನ ಇಡೀ ಬೆಳಗು ಕಳೆಯಿತು. ಮನೆಯಲ್ಲಿ ಅತ್ತೆ ಸ್ಕೂಟರು, ಮಿಕ್ಸಿ, ಗ್ರೈಂಡರು, ಫ್ರಿಜ್ಜು, ಈಳಿಗೆಮಣೆ ಎಲ್ಲಕ್ಕೂ ಚೆಂಡುಹೂ ಏರಿಸಿ, ಅರಿಶಿನ ಕುಂಕುಮ ಹಚ್ಚಿ, ಪೂಜೆ ಮುಗಿಸಿದ್ದರು. ಮಧ್ಯಾಹ್ನ ಬಂದವನು ಹೋಳಿಗೆ ತಿಂದು ಮಲಗಿದೆ. ಮರುದಿನವೆಲ್ಲ ಕಂಪ್ಯೂಟರಿನ ಮುಂದೆ ಕೂತೆ. ರಜೆ ಮುಗಿದ ಕೂಡಲೇ ಕೊನೆಯ ವರ್ಷದವರಿಗೆ ಪರೀಕ್ಷೆ. ಜಾಲಭದ್ರತೆಯ ಪ್ರಶ್ನೆಪತ್ರಿಕೆ ತೆಗೆಯುವ ಕೆಲಸ ಈ ಸಲ ನನಗೆ ಬಿದ್ದಿತ್ತು. ಈ ವರ್ಷ ನನ್ನನ್ನು ಕಾಯಂ ಮಾಡುವ ಮಾತು ನಡೆಯುತ್ತಿತ್ತು, ಹಾಗಾಗಿ ಒಂದೊಂದು ಪ್ರಶ್ನೆಯನ್ನೂ ತೂಗಿ ಅಳೆದು ಬರೆದೆ. ಪತ್ರಿಕೆ ಹೊರಗೆ ಹೋದರೆ ಕಾಯಮಾತಿ ಇರಲಿ, ಇದ್ದ ಕೆಲಸವೂ ಹೋಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಸಂಜೆ ಬನ್ನಿ ಕೊಡುವವರು ಬರತೊಡಗಿದರು. ವಿಜಯದಶಮಿಯ ಸಂಜೆ ನಮ್ಮಲ್ಲಿ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಹಿರಿಯರ ಕಾಲಿಗೆ ನಮಸ್ಕಾರ ಮಾಡಿ, ಮುನಿಸು ಇದ್ದರೆ ಅಲ್ಲಿಗೇ ಬಿಡುವುದು. ಪ್ರತಿ ವರ್ಷ ನನಗೆ ಬನ್ನಿ ಕೊಡಲು ಬರುವವರು ಕಡಿಮೆ. ಈ ವರ್ಷ ಎದುರು ಮನೆಯ ಶಾರದಮ್ಮ ಮೊದಲು ಬಂದರು. ಕೈತುಂಬ ಬನ್ನಿ ಕೊಟ್ಟು, "ದೊಡ್ಡ ಮನಸ್ಸು ಸಾರ್ ನಿಮ್ದು. ನಾವೇ ತಪ್ಪು ತಿಳ್ಕೊಂಡಿದ್ವಿ" ಎಂದರು. ಏನು ತಪ್ಪು, ಏನು ಮನಸ್ಸು ಎಂದು ನನಗೆ ತಿಳಿಯಲಿಲ್ಲ. ಅವರ ಹಿಂದೆ ಮೂಲೆ ಮನೆಯವರು ಬಂದರು. "ಹಬ್ಬಕ್ಕಂತ ಬೀದಿಗೆಲ್ಲ ಬಿಟ್ಟೀರಿ. ನಿಮ್ಮ ಗೇಟಿನ ಹತ್ರ ಬಂದಷ್ಟೂ ಸಿಗ್ನಲ್ ಜೋರಾತು, ನಿಮ್ಮದೇ ಅಂತ ಗೊತ್ತಾತು. ಎಷ್ಟು ಸ್ಪೀಡ್ ಐತ್ರಿ! ನಮ್ಮ ಯಜಮಾನ್ರು ನಿನ್ನೆಯಿಂದ ಮೊಬೈಲ್ ಕೆಳಗಿಟ್ಟಿಲ್ಲ" ಎಂದರು. ಬನ್ನಿಯನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಓಡಿದೆ.

ಮೊಬೈಲ್ ತೆಗೆದು ನೋಡಿದರೆ ನನ್ನ ಜಾಲ ಮಾಯವಾಗಿತ್ತು. ಅದರ ಜಾಗದಲ್ಲಿ ರೌಟರ್ ಮಾಡಿದ ಕಂಪನಿಯ ಹೆಸರಿನ ಒಂದು ಜಾಲ, ಬೀಗದ ಗುರುತೇ ಇಲ್ಲದೆ, ಅಗಲಕ್ಕೆ ಬಾಯಿ ತೆರೆದುಕೊಂಡು ಕೂತಿತ್ತು. ರೌಟರಿನ ಒಳಗೆ ಇಣುಕಿದರೆ ಇಡೀ ಬೀದಿಯೇ ಸೇರಿತ್ತು. ಯಾರ್ಯಾರದೋ ಮೊಬೈಲುಗಳು, ಯಾರದೋ ಲ್ಯಾಪ್‌ಟಾಪು, ಒಂದು ಟೀವಿ. "ಯಾರೋ ಒಳಗೆ ನುಗ್ಗಿದಾರೆ!" ಎಂದು ಕಿರುಚಿದೆ. ಅಡುಗೆಮನೆಯಿಂದ ಹೆಂಡತಿ, "ನಿನ್ನೆಯಿಂದ ನನ್ನ ಮೊಬೈಲಿಗೂ ವೈಫೈ ಬರ್ತಿಲ್ಲ. ಕೇಳಿದ್ರೆ ಬೈತೀರಿ ಅಂತ ಸುಮ್ನಿದ್ದೆ" ಎಂದಳು. ನಾನು ತಂತಿಯವನು, ನನಗೆ ಗೊತ್ತಾಗಲೇ ಇಲ್ಲ. ಹೋಗಿ ರೌಟರಿನ ಮುಂದೆ ನಿಂತೆ. ಅದರ ಹಣೆಗೆ ಕುಂಕುಮ, ಆಂಟೆನಾಕ್ಕೆ ಚೆಂಡುಹೂವಿನ ಮಾಲೆ, ಸುತ್ತ ಬೂದಿ. ಹಿಂದುಗಡೆ, ರೌಟರನ್ನು ಮೊದಲಿನ ಸ್ಥಿತಿಗೆ ತರುವ ಗುಂಡಿ ಇರುವ ಆ ಚಿಕ್ಕ ತೂತಿನಲ್ಲಿ, ಉರಿದು ಮುಗಿದ ಊದಿನಕಡ್ಡಿಯ ತುಂಡೊಂದು ಗಟ್ಟಿಯಾಗಿ ನಿಂತಿತ್ತು.

ಅತ್ತೆ ನನ್ನ ಹಿಂದೆಯೇ ಬಂದಿದ್ದರು. "ಅಳಿಯಂದ್ರೆ, ಅದು ಹಗಲೂ ರಾತ್ರೆ ಕಣ್ಣು ಮಿಟುಕಿಸ್ಕಂಡು ದುಡಿತದೆ. ಅದ್ಕೆ ಒಂದು ಪೂಜೆ ಬ್ಯಾಡನಾ? ಕಡ್ಡಿ ಸಿಗ್ಸಕ್ಕೆ ಅಂತ ಹಿಂದೆ ಸಣ್ಣ ತೂತನ್ನೂ ಇಟ್ಟಿದಾರೆ. ಮೊದ್ಲು ನಿಲ್ಲಲೇ ಇಲ್ಲ. ಒತ್ತಿ ಹಿಡ್ಕಂಡೆ. ದೀಪ ಎಲ್ಲ ಒಂದೇ ಸಲಕ್ಕೆ ಆರಿ ಹತ್ತಿದ್ವು. ಪೂಜೆ ಸಂದ್ತು ಅಂತ ಕೈ ಮುಗ್ದೆ" ಎಂದರು.

ಅದು ಊದಿನಕಡ್ಡಿಗೆ ಇಟ್ಟ ತೂತಲ್ಲ ಅತ್ತೆ ಎಂದೆ.

"ಮತ್ತೆ ಎಂತಕ್ಕೆ ಇಟ್ಟಿದಾರೆ?"

ವರ್ಷಗಟ್ಟಲೆ ಓದಿ, ಹೆಸರು ಅಡಗಿಸಿ, ಹೆಂಡತಿಗೆ ಬೆನ್ನು ತಿರುಗಿಸಿ ಕಟ್ಟಿದ ಕೋಟೆಯನ್ನು ಒಂದು ಊದಿನಕಡ್ಡಿ, ಅದೂ ಕೈಮುಗಿದುಕೊಂಡು, ಬೀಳಿಸಿತ್ತು. ಸಿಟ್ಟು ನೆತ್ತಿಗೇರಿತು. ಆದರೆ ಹಬ್ಬಕ್ಕೆ ಬಂದ ಅತ್ತೆಯ ಮೇಲೆ ಕೂಗಾಡುವ ಸೌಕರ್ಯ ಯಾವ ಅಳಿಯನಿಗೂ ಇಲ್ಲ. ಬಾಯಿ ಮುಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಆಗ ನೆನಪಾಯಿತು, ಪ್ರಶ್ನೆಪತ್ರಿಕೆ! ನಮ್ಮ ಟೀವಿಯಲ್ಲಿ ಮನೆಯ ಫೋಟೋ, ವಿಡಿಯೋ ನೋಡಲು ಅನುಕೂಲವಾಗಲಿ ಎಂದು ಕಂಪ್ಯೂಟರಿನಲ್ಲಿ ಅವು ಇರುವ ಭಾಗವನ್ನೆಲ್ಲ ಮನೆಯ ಜಾಲದೊಳಗೆ ತೆರೆದಿಟ್ಟಿದ್ದೆ. ಅದಕ್ಕೆ ಪಾಸ್‌ವರ್ಡ್ ಹಾಕಿರಲಿಲ್ಲ. ಒಳಗೆ ಬರುವವರು ಯಾರು, ನಾವೇ ತಾನೆ ಎಂಬ ಧೈರ್ಯ. ಪ್ರಶ್ನೆಪತ್ರಿಕೆಯೂ ಅಲ್ಲೇ, ಗೃಹಪ್ರವೇಶದ ವಿಡಿಯೋಗಳ ಪಕ್ಕದಲ್ಲೇ ಇತ್ತು. ನಿನ್ನೆಯಿಂದ ಇಡೀ ಬೀದಿ ಅಲ್ಲಿ ಓಡಾಡುತ್ತಿದೆ. ಪತ್ರಿಕೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಕಂಪ್ಯೂಟರಿನಿಂದ ಅಳಿಸಿ, ಪೆನ್‌ಡ್ರೈವನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಆಮೇಲೆ ನೋಡಿದರೆ ಆ ಹೊತ್ತಿನಲ್ಲೂ ಯಾರೋ ನನ್ನ ಕಂಪ್ಯೂಟರಿನಿಂದ ಏನನ್ನೋ ಎಳೆದುಕೊಳ್ಳುತ್ತಲೇ ಇದ್ದರು. ಎಳೆಯುತ್ತಿದ್ದದ್ದು ರೌಟರಿನಲ್ಲಿ ಕಂಡ ಆ ಟೀವಿ. ಬೀದಿಯಲ್ಲಿ ಹೊಸ ಟೀವಿ ತಂದವರು ಒಬ್ಬರೇ. ಅವರ ಮಹಡಿಯ ಮೇಲೆ ಈ ಪರೀಕ್ಷೆ ಬರೆಯಬೇಕಾದ ಮೂವರು. ಎಲ್ಲ ಸರಿಹೊಂದಿತು. ಅತ್ತೆಯ ಮೇಲೆ ಮಾಡಲಾಗದ ಸಿಟ್ಟೂ ಸೇರಿ ಹಾಲಪ್ಪನವರ ಪಾಲಿಗೆ ದುಪ್ಪಟ್ಟಾಯಿತು. ರೌಟರನ್ನು ಬೇಕೆಂದೇ ಆರಿಸಲಿಲ್ಲ. ಕಳ್ಳನನ್ನು ಕೈಯಲ್ಲಿ ಮಾಲು ಇರುವಾಗಲೇ ಹಿಡಿಯಬೇಕು. ಮುದುಕ ಎಂದೂ ನೋಡುವುದಿಲ್ಲ, ಹಬ್ಬ ಎಂದೂ ನೋಡುವುದಿಲ್ಲ, ಬೀದಿಯವರೆಲ್ಲ ಕೇಳುವ ಹಾಗೆ ಕಳ್ಳ ಎಂದೇ ಕರೆಯುತ್ತೇನೆ ಎಂದು ನಿಶ್ಚಯಿಸಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೋದೆ.

ಬಾಗಿಲು ತೆರೆದೇ ಇತ್ತು. ಹಾಲಪ್ಪನವರು ನೆಲದ ಮೇಲೆ, ಟೀವಿಗೆ ತೀರಾ ಹತ್ತಿರ ಕೂತಿದ್ದರು. ಗೋಡೆಯ ತುಂಬ ನಮ್ಮ ಮನೆ. ನಮ್ಮ ಗೃಹಪ್ರವೇಶ. ಹೊಸ ಬಾಗಿಲ ಹತ್ತಿರ ಆರತಿ ತಟ್ಟೆ ಹಿಡಿದು ಗಿರಿಜಮ್ಮ ನಿಂತಿದ್ದರು. ಹೋದ ವರ್ಷ ತೀರಿಕೊಂಡ ಗಿರಿಜಮ್ಮ, ಹಸಿರು ಸೀರೆ ಉಟ್ಟು, ಬೆವರು ಒರೆಸಿಕೊಳ್ಳುತ್ತ, ಜೋರು ದನಿಯಲ್ಲಿ ಹೇಳುತ್ತಿದ್ದರು: "ನೋಡ್ರಿ ಇವ್ರನ್ನ! ಹೊಸ ಮನಿ ಹೊಕ್ಕೋ ದಿನಾನೂ ಮಾರಿ ಗಂಟು ಹಾಕ್ಕೊಂಡು ನಿಂತಾರ. ಒಂಚೂರು ನಗ್ರಿ ಸಾರ್, ಗೋಡಿ ಬಣ್ಣ ಏನೂ ಹೋಗಂಗಿಲ್ಲ." ಸುತ್ತ ನಿಂತವರು ನಕ್ಕರು. ತಟ್ಟೆ ಅಲುಗಿತು. ಹಾಲಪ್ಪನವರು ರಿಮೋಟ್ ಒತ್ತಿ ಹಿಂದಕ್ಕೆ ಹೋದರು. ಗಿರಿಜಮ್ಮ ಮತ್ತೆ ಬೆವರು ಒರೆಸಿಕೊಂಡರು, ನನ್ನನ್ನು ಮತ್ತೆ ಬೈದರು. ಹಾಲಪ್ಪನವರು ಮತ್ತೆ ಹಿಂದಕ್ಕೆ ಹೋದರು.

ನಾನು ಬಂದದ್ದು ಅವರಿಗೆ ಆಮೇಲೆ ತಿಳಿಯಿತು. ಗಡಿಬಿಡಿಯಲ್ಲಿ ಎದ್ದರು. "ಬರ್ರಿ ಸಾರ್, ಕುಂದ್ರಿ. ಟೀವಿಯೊಳಗೆ ಏನೇನೋ ಒತ್ತಿದೆ, ನಿಮ್ಮ ಹೆಸರು ಬಂತು. ಹಬ್ಬಕ್ಕೆ ಎಲ್ಲಾರಿಗೂ ಬಿಟ್ಟೀರಿ ಅಂದ್ರು, ಅದಕ್ಕೆ ತೆಗೆದೆ. ತಪ್ಪಾತೇನ್ರಿ?" ಟೀವಿಯ ಕಡೆಗೇ ನೋಡುತ್ತ ಹೇಳಿದರು, "ಅಕೀದು ಫೋಟೋ ಅದಾವ್ರಿ ನನ್ನ ಹತ್ರ. ಮಾತು ಎಲ್ಲೂ ಇರಲಿಲ್ಲ."

ಕಳ್ಳ ಎಂಬ ಶಬ್ದ ನಾಲಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಸಿಟ್ಟು ಹೋಯಿತೇ ಎಂದು ಕೇಳಬೇಡಿ, ಎಲ್ಲಿಗೂ ಹೋಗಲಿಲ್ಲ. ಈ ವಿಡಿಯೋ ನನ್ನ ಕಂಪ್ಯೂಟರಿನಲ್ಲಿ ಇಷ್ಟು ದಿನ ಬಿದ್ದಿತ್ತು, ಗೋಡೆಯ ಆಚೆ ಈ ಮನುಷ್ಯ ಗೋಡೆಗೆ ಮುಖಮಾಡಿ ಕೂತಿದ್ದರು, ನಾನು ಪಾಸ್‌ವರ್ಡ್ ಕಾಯುತ್ತಿದ್ದೆ. ಆ ಸಿಟ್ಟನ್ನು ಯಾರ ಮೇಲೆ ಮಾಡಬೇಕು ಎಂದು ನನಗೆ ಗೊತ್ತಿತ್ತು, ಮಾಡಿಕೊಂಡು ಅಭ್ಯಾಸ ಇರಲಿಲ್ಲ.

"ಹಾಲಪ್ಪನೋರೆ, ಇದು ನಾನು ಬಿಟ್ಟಿದ್ದಲ್ಲ. ಈಗ ಹೋಗಿ ಬೀಗ ಹಾಕೋನೇ" ಎಂದೆ, ದನಿಯಲ್ಲಿ ಅದೇ ಒರಟು.

"ಹಾಕ್ರಿ, ನಿಮ್ಮದು" ಎಂದರು. ರಿಮೋಟನ್ನು ಮೆಲ್ಲಗೆ ಕೆಳಗಿಟ್ಟರು.

"ನಿಲ್ಲಿ" ಎಂದು ಗದರಿ, ಮನೆಗೆ ಓಡಿದೆ. ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಿ, ಅಷ್ಟೇ ವೇಗದಲ್ಲಿ ವಾಪಸು ಬಂದು ಅವರ ಕೈಗೆ ಕೊಟ್ಟೆ. "ಇದನ್ನ ಟೀವಿಯ ಹಿಂದೆ ಸಿಕ್ಕಿಸಿ. ಇನ್ನು ನನ್ನ ವೈಫೈ ಬೇಡ, ಯಾರಪ್ಪನ ಪಾಸ್‌ವರ್ಡೂ ಬೇಡ" ಎಂದೆ. ಹಾಲಪ್ಪನವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ದೇವರ ಮುಂದೆ ಇಟ್ಟಿದ್ದ ಬನ್ನಿ ತಂದು ನನ್ನ ಕೈಗೆ ಹಾಕಿ, "ಬಂಗಾರದಂಗೆ ಇರೋಣ್ರಿ ಸಾರ್" ಎಂದರು. ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಮನೆಗೆ ಬಂದು ರೌಟರಿಗೆ ಮೊದಲಿಗಿಂತ ಉದ್ದದ ಪಾಸ್‌ವರ್ಡ್ ಹಾಕಿದೆ, ಕಂಪ್ಯೂಟರಿನಲ್ಲಿ ತೆರೆದಿಟ್ಟಿದ್ದನ್ನೆಲ್ಲ ಮುಚ್ಚಿದೆ, ಹಿಂದಿನ ತೂತಿನ ಮೇಲೆ ಟೇಪು ಅಂಟಿಸಿದೆ. ಒಂದು ಹೋಳಿಗೆ ಹೆಚ್ಚಿಗೆ ತಿಂದೆ. ನಾನು ಅಷ್ಟೇನೂ ಕೆಟ್ಟವನಲ್ಲ ಎಂದು ಅಂದು ನನಗೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಹಾಲಪ್ಪನವರ ಮಹಡಿಯ ಹುಡುಗಿಯರಲ್ಲಿ ಒಬ್ಬಳು, ಶ್ವೇತಾ ಎಂದು, ಬಾಗಿಲಿಗೆ ಬಂದಳು. ಕೈಯಲ್ಲಿ ನನ್ನ ಪೆನ್‌ಡ್ರೈವ್ ಇತ್ತು.

"ಅಜ್ಜ ಅಜ್ಜಿದು ವಿಡಿಯೋನ ಮೊಬೈಲಿಗೂ ಹಾಕ್ಕೊಡಿ ಅಂದ್ರು ಸಾರ್. ಹಾಕ್ಕೊಟ್ವಿ. ಟೀವಿಗೆ ಬೇರೆ ಪೆನ್‌ಡ್ರೈವಲ್ಲಿ ಹಾಕಿದೀವಿ. ಇದ್ರಲ್ಲಿ..." ಎಂದು ತಡವರಿಸಿದಳು. "ಇದ್ರಲ್ಲಿ ನಮ್ಮ ಪೇಪರ್ ಇದೆ ಸಾರ್."

ಅಂಗಿಯ ಜೇಬು ಮುಟ್ಟಿಕೊಂಡೆ. ಹಿಂದಿನ ದಿನ ಪತ್ರಿಕೆಯನ್ನು ಹಾಕಿಕೊಂಡು, ಇನ್ನು ಭದ್ರ ಎಂದು ಎದೆಯ ಹತ್ತಿರ ಇಟ್ಟುಕೊಂಡ ಪೆನ್‌ಡ್ರೈವನ್ನೇ ನಾನು ಆ ಆವೇಶದಲ್ಲಿ ಹಾಲಪ್ಪನವರಿಗೆ ಕೊಟ್ಟಿದ್ದೆ. ಮನೆಯಲ್ಲಿ ಬೇರೆ ಪೆನ್‌ಡ್ರೈವುಗಳು ಡ್ರಾಯರಿನ ತುಂಬ ಇವೆ.

"ನಾವು ನೋಡಿಲ್ಲ ಸಾರ್. ದೇವ್ರಾಣೆ ತೆಗೆದೇ ಇಲ್ಲ" ಎಂದಳು. ಒಳ್ಳೆಯ ಹುಡುಗಿ ಎಂದುಕೊಂಡೆ. ಗೇಟಿನವರೆಗೆ ಹೋದವಳು ತಿರುಗಿ ನಿಂತಳು. "ಸಾರ್, ಆ ನಾಲ್ಕನೇ ಪ್ರಶ್ನೆ ನಮ್ಮ ಸಿಲಬಸ್ಸಲ್ಲಿ ಇಲ್ಲ ಸಾರ್."

ಬೇರೆ ದಾರಿ ಇರಲಿಲ್ಲ. ಪರೀಕ್ಷಾ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ, ಪತ್ರಿಕೆ ಹೊರಗೆ ಹೋಗಿದೆ, ಈಗಲೇ ರದ್ದು ಮಾಡಿ, ಬೇರೆಯವರಿಂದ ತೆಗೆಸಿ ಎಂದೆ. ಆ ಕಡೆಯಿಂದ ಕಾಗದ ಹುಡುಕುವ ಸದ್ದು. ನೆಟ್‌ವರ್ಕ್ ಹ್ಯಾಕ್ ಆಯಿತೇ, ಹೊರಗಿನವರು ಯಾರಾದರೂ ಪಾಸ್‌ವರ್ಡ್ ಮುರಿದರೇ ಎಂದು ಕೇಳಿದರು. ಇಲ್ಲ ಸಾರ್, ಕೈಯಿಂದ ಕೈಗೆ ಹೋಗಿದ್ದು ಎಂದೆ.

"ಹಂಗಾದ್ರೆ ಇದು ಬೇಕಂತ ಮಾಡಿರೋ ಕೆಲಸ. ಬಿಡಬಾರದು. ಯಾರ ಮೇಲಾದ್ರೂ ಅನುಮಾನ ಐತೇನ್ರಿ? ರಿಪೋರ್ಟಿಗೆ ಹೆಸರು ಬೇಕು."

ನಾನು ಇನಿಷಿಯಲ್ ಸಮೇತ ಹೆಸರು ಹೇಳಿದೆ.

"ದೂರು ಕೊಡೋರ ಹೆಸರು ನನಗೆ ಗೊತ್ತೈತ್ರಿ" ಎಂದು ಅವರು ರೇಗಿದರು. "ಅನುಮಾನ ಇರೋನ ಹೆಸರು ಹೇಳ್ರಿ."

"ಅದೇ ಸಾರ್" ಎಂದೆ. "ಬರ್ಕೊಳ್ಳಿ."